ನದಿ ಮುಚ್ಚಿ ಕಾರು ಓಡಿಸುತ್ತಾರಂತೆ

ನನಗೆ ಥೀಮ್ ಪಾರ್ಕ್ ಹುಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕಂದ್ರೆ ಡಿಸ್ನಿ ಪಾರ್ಕಿನೊಳಗಿನ ಒಂದು ನದಿ ಹೋದದ್ದಕ್ಕೆ ಮುಂದೆ ಬರೆಯುವುದೆಲ್ಲ ಸ್ವಲ್ಪ ತಲೆಕೆಟ್ಟವರ ಮಾತಿನ ಹಾಗೆ ಕಾಣಬಹುದು. ಕೆಲವರು ಬೆಳಿಗ್ಗೆ ಎದ್ದು ಷೇರು ಪೇಟೆ ನೋಡುತ್ತಾರೆ. ನಾನು ಡಿಸ್ನಿಯವರು ಫ್ಲಾರಿಡಾದ ನೀರು ನಿರ್ವಹಣೆ ಇಲಾಖೆಗೆ ಹೊಸದಾಗಿ ಯಾವ ಪರ್ಮಿಟ್ ಅರ್ಜಿ ಹಾಕಿದ್ದಾರೆ ಅಂತ ನೋಡುತ್ತೇನೆ. ಫ್ಲಾರಿಡಾದ ಡಿಸ್ನಿ ಪಾರ್ಕುಗಳಿಗೆ ನಾನು ಹೋಗಿರುವುದು ಒಂದೇ ಸಲ, 2017ರಲ್ಲಿ, ನಾಲ್ಕು ದಿನ. ಅಷ್ಟಕ್ಕೇ ಇಷ್ಟು.

ಈ ಹುಚ್ಚಿನ ಮಂದಿಗೆ ಎರಡು ವರ್ಷಕ್ಕೊಮ್ಮೆ ಒಂದು ಜಾತ್ರೆ ಇದೆ. ಡಿ23 ಅಂತ. ಮುಂದೆ ಏನೇನು ಕಟ್ಟುತ್ತೇವೆ ಅಂತ ಡಿಸ್ನಿ ಕಂಪನಿ ವೇದಿಕೆ ಹತ್ತಿ ಹೇಳುವುದು ಅಲ್ಲೇ. 2024ರ ಆಗಸ್ಟ್ 10ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ನಡೆದದ್ದಂತೂ ದೊಡ್ಡ ಜಾತ್ರೆ. ಯಾಕೆ ದೊಡ್ಡದು ಅಂದರೆ ಅದಕ್ಕೂ ಒಂದು ವರ್ಷ ಮೊದಲು, 2023ರ ಸೆಪ್ಟೆಂಬರ್‌ನಲ್ಲಿ, ಪಾರ್ಕು ಮತ್ತು ಪ್ರವಾಸಿ ಹಡಗುಗಳಿಗೆ ಹತ್ತು ವರ್ಷದಲ್ಲಿ ಸುಮಾರು 60 ಬಿಲಿಯನ್ ಡಾಲರ್, ಅಂದರೆ 6,000 ಕೋಟಿ ಡಾಲರ್ ಹಾಕುತ್ತೇವೆ ಅಂತ ಕಂಪನಿ ಹೇಳಿತ್ತು. ಇಷ್ಟು ದುಡ್ಡು ಎಲ್ಲಿಗೆ ಹೋಗುತ್ತೆ? ಒಂದು ವರ್ಷ ಪೂರ್ತಿ ನಮ್ಮ ಗುಂಪಿನಲ್ಲಿ ಇದೇ ಮಾತು. ಫ್ಲಾರಿಡಾದಲ್ಲಿ ಈಗಿರುವ ನಾಲ್ಕರ (ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್) ಜೊತೆ ಐದನೇ ಪಾರ್ಕ್ ಬರುತ್ತೆ ಅಂತ ಕೆಲವರು. 2024ರ ಜೂನ್‌ನಲ್ಲಿ ಅಲ್ಲಿನ ಆಡಳಿತ ಮಂಡಳಿ ಜೊತೆ ಕಂಪನಿ ಮಾಡಿಕೊಂಡ ಒಪ್ಪಂದದಲ್ಲಿ ಐದನೇ ದೊಡ್ಡ ಪಾರ್ಕ್ ಕಟ್ಟಲು ಅವಕಾಶ ಇದೆ ಅನ್ನುವ ಒಂದು ಸಾಲು ಸಿಕ್ಕಿತು ನೋಡಿ, ಮುಗೀತು. ಕೂಸು ಹುಟ್ಟುವ ಮುಂಚೆ ಕುಲಾವಿ. ಆ ಪಾರ್ಕಿಗೆ ಹೆಸರು, ನಕಾಶೆ, ಯಾವ ಮೂಲೆಯಲ್ಲಿ ಯಾವ ರೈಡ್, ಎಲ್ಲ ನಮ್ಮವರೇ ರೆಡಿ ಮಾಡಿಬಿಟ್ಟರು. ನಾನೂ ಒಂದು ನಕಾಶೆ ಬರೆದಿದ್ದೆ. ಯಾರಿಗೂ ತೋರಿಸಿಲ್ಲ.

ಅದಕ್ಕೂ ಹಿಂದಿನ ಸಲ, 2022ರಲ್ಲಿ, ಇದೇ ವೇದಿಕೆಯಲ್ಲಿ ನಮ್ಮ ಮೂಗಿಗೆ ತುಪ್ಪ ಸವರಿ ಕಳಿಸಿದ್ದರು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬಿಗ್ ಥಂಡರ್ ಮೌಂಟನ್ ಅನ್ನುವ ರೋಲರ್ ಕೋಸ್ಟರ್ ಇದೆಯಲ್ಲ, ಅದರ ಆಚೆ ಏನಿರಬಹುದು? ಕೋಕೋ ಸಿನಿಮಾದ್ದು ಇರಬಹುದಾ? ಎನ್ಕಾಂಟೊ ಸಿನಿಮಾದ್ದು ಇರಬಹುದಾ? ಡಿಸ್ನಿ ಸಿನಿಮಾಗಳ ಖಳನಾಯಕರದ್ದೇ ಒಂದು ಜಗತ್ತು ಇರಬಹುದಾ? ಇರಬಹುದಾ, ಇರಬಹುದಾ, ಬರೀ ಪ್ರಶ್ನೆಗಳೇ. ಈ ಥರದ್ದಕ್ಕೆ ಅವರ ಭಾಷೆಯಲ್ಲಿ 'ಬ್ಲೂ ಸ್ಕೈ' ಅಂತಾರೆ. ಆಕಾಶ ನೋಡಿಕೊಂಡು ಕನಸು ಕಾಣುವ ಹಂತ ಅದು. ಅಭಿಮಾನಿಗಳು ಸಿಟ್ಟಾದರು. ನಮಗೆ ಪ್ರಶ್ನೆ ಬೇಡ, ಕಟ್ಟುವುದಿದ್ದರೆ ಕಟ್ಟುತ್ತೇವೆ ಅಂತ ಹೇಳಿ, ಇಲ್ಲಾಂದ್ರೆ ಸುಮ್ನಿರಿ ಅಂತ ಜಗಳಕ್ಕೇ ಬಿದ್ದರು. ನಾನೂ ಅದನ್ನೇ ಹೇಳಿದವಳು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ನನ್ನ ಮೇಲೇ ತಿರುಗುತ್ತೆ.

2024ರಲ್ಲಿ ಆ ತಪ್ಪು ಮಾಡಲಿಲ್ಲ. ಆಗ ಪಾರ್ಕುಗಳ ಮುಖ್ಯಸ್ಥರಾಗಿದ್ದ ಜೋಶ್ ಡಿಅಮಾರೊ ಶುರುವಿನಲ್ಲೇ ಮಾತು ಕೊಟ್ಟರು. ಇವತ್ತು ಹೇಳುವುದೆಲ್ಲ ನಿಜವಾಗಿ ಕೆಲಸ ನಡೆಯುತ್ತಿರುವಂಥದ್ದು, ನಕ್ಷೆ ಆಗಿದೆ, ಮಣ್ಣು ಅಗೆಯುವುದು ಶುರುವಾಗಿದೆ ಅನ್ನುವ ಅರ್ಥದಲ್ಲಿ. ಜನ ಹುಚ್ಚೆದ್ದು ಕೂಗಿದರು. ಅಂದಹಾಗೆ ಆ ಸಂಜೆಯ ಕಾರ್ಯಕ್ರಮಕ್ಕೆ ಇಟ್ಟಿದ್ದ ಹೆಸರು 'ಹೊರೈಜನ್ಸ್'. ಎಪ್ಕಾಟ್ ಪಾರ್ಕಿನಲ್ಲಿ 1983ರಿಂದ 1999ರವರೆಗೆ ಇದ್ದ, ಆಮೇಲೆ ಕೆಡವಿ ಹಾಕಿದ ಒಂದು ರೈಡಿನ ಹೆಸರೂ ಅದೇ. ಹಳೇ ಅಭಿಮಾನಿಗಳು ಇವತ್ತಿಗೂ ಅದನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಕಳೆದುಕೊಂಡದ್ದರ ಹೆಸರನ್ನೇ ಬೋರ್ಡಿಗೆ ಬರೆದು ಹೊಸದನ್ನು ಮಾರುವುದು ಇದೆಯಲ್ಲ, ಅದಕ್ಕೆ ಒಂದು ಧೈರ್ಯ ಬೇಕು ಕಣ್ರೀ.

ಒಂದೊಂದೇ ಸುದ್ದಿ ಫೋನಿಗೆ ಬರತೊಡಗಿತು. ಖಳನಾಯಕರ ಲ್ಯಾಂಡ್ ಇನ್ನು ಪ್ರಶ್ನೆ ಅಲ್ಲ, ನಿಜವಾಗಿ ಬರುತ್ತೆ, ಎರಡು ದೊಡ್ಡ ರೈಡ್ ಇರುತ್ತೆ. ಎಷ್ಟೋ ವರ್ಷದಿಂದ ಅಭಿಮಾನಿಗಳು ಬೇಡಿದ್ದು ಅದು. ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಮಾನ್ಸ್ಟರ್ಸ್ ಇಂಕ್, ಆ ಸಿನಿಮಾದಲ್ಲಿ ಬಾಗಿಲುಗಳು ನೇತಾಡಿಕೊಂಡು ಓಡುತ್ತವಲ್ಲ, ಅದೇ ಥರ ನೇತಾಡುವ ಕೋಸ್ಟರ್. ಅನಿಮಲ್ ಕಿಂಗ್‌ಡಮ್‌ನಲ್ಲಿ ಡೈನೊಲ್ಯಾಂಡ್ ಹೋಗಿ ಎನ್ಕಾಂಟೊ ಮತ್ತು ಇಂಡಿಯಾನಾ ಜೋನ್ಸ್, 2027ಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಕೋಕೋ ರೈಡ್, ಅವತಾರ್. ಪ್ಯಾರಿಸ್‌ನಲ್ಲಿ ಲಯನ್ ಕಿಂಗ್. ನಾನು ಸೋಫಾ ಮೇಲೆ ಕುಣಿಯುವುದೊಂದು ಬಾಕಿ. ಮಧ್ಯದಲ್ಲಿ ಒಂದು ಸುದ್ದಿ ಬಂತು: ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅಮೆರಿಕದ ಹಳೇ ಪಶ್ಚಿಮದ ಥರ ಕಟ್ಟಿದ ಫ್ರಂಟಿಯರ್‌ಲ್ಯಾಂಡ್‌ಗೆ ಕಾರ್ಸ್ ಬರುತ್ತೆ.

ಕಾರ್ಸ್. ಮಾತಾಡುವ ಕಾರುಗಳ ಸಿನಿಮಾ. ಸರಿ, ಆದರೆ ಎಲ್ಲಿ?

ಈ ಪಾರ್ಕಿನ ನಕಾಶೆ ನನ್ನ ತಲೆಯೊಳಗೆ ಅಚ್ಚಾಗಿದೆ. ಕಣ್ಣು ಮುಚ್ಚಿದರೆ ಯಾವ ತಿರುವಿನಲ್ಲಿ ಯಾವ ಬಾತ್‌ರೂಮ್ ಅಂತ ಹೇಳುತ್ತೇನೆ. ಹಾಗಾಗಿ ಬಂದ ಕಾನ್ಸೆಪ್ಟ್ ಆರ್ಟ್, ಅಂದರೆ ಮುಂದೆ ಹೀಗಿರುತ್ತೆ ಅಂತ ಬರೆದ ಚಿತ್ರ, ನೋಡಿ ಮನಸ್ಸಿನಲ್ಲೇ ಅಳತೆ ಹಾಕಿದೆ. ಈ ಕಡೆ ಬಿಗ್ ಥಂಡರ್. ಆ ಕಡೆ ಹಾಂಟೆಡ್ ಮ್ಯಾನ್ಷನ್ ಅನ್ನುವ ದೆವ್ವದ ಮನೆ ರೈಡ್. ಮಧ್ಯದಲ್ಲಿ ಇವರು ಬಂಡೆ, ಮರ, ರಸ್ತೆ ಬರೆದಿದ್ದಾರೆ. ಆದರೆ ಮಧ್ಯದಲ್ಲಿ ಇರುವುದು ನದಿ ಅಲ್ವಾ? ಎಲ್ಲರೂ ಒಟ್ಟಿಗೇ ಕೇಳಿದ್ದು ಅದನ್ನೇ. ನದಿ ಎಲ್ಲಿ?

ಚಪ್ಪಾಳೆ ಬಿದ್ದದ್ದು ಬರುವ ಕಾರುಗಳಿಗೆ. ನದಿ ಹೋಗುತ್ತೆ, ಮಧ್ಯದ ಟಾಮ್ ಸಾಯರ್ ದ್ವೀಪ ಹೋಗುತ್ತೆ, ಲಿಬರ್ಟಿ ಬೆಲ್ ಸ್ಟೀಮ್ ಬೋಟ್ ಹೋಗುತ್ತೆ ಅನ್ನುವುದು ಖಾತ್ರಿಯಾಗಿ ತಿಳಿದದ್ದು ಆ ಚಪ್ಪಾಳೆ ಮುಗಿದ ಮೇಲೆ. ಇದು ಈ ಕಂಪನಿಯೊಂದರ ಚಾಳಿ ಅಲ್ಲ, ಘೋಷಣೆ ಅನ್ನುವುದರ ಸ್ವಭಾವವೇ ಹಾಗೆ ಅಂತ ನನಗೆ ಈಗ ಅನಿಸುತ್ತೆ. ಬರುವುದಕ್ಕೆ ಸಂಗೀತ ಇರುತ್ತೆ, ದೀಪ ಇರುತ್ತೆ, ಹೊಗೆ ಇರುತ್ತೆ. ಹೋಗುವುದನ್ನು ನಾವೇ ಕಳೆಯುವ ಲೆಕ್ಕ ಮಾಡಿ ಕಂಡುಕೊಳ್ಳಬೇಕು. ಮಾನ್ಸ್ಟರ್ಸ್ ಇಂಕ್ ಕೂಡ ಹಾಗೇ ಆಯಿತು. ಬರುತ್ತೆ ಅಂತ ಆಗಸ್ಟ್‌ನಲ್ಲಿ ಹೇಳಿದರು. ಯಾವ ಜಾಗದಲ್ಲಿ ಅಂತ ಹೇಳಲು ನವೆಂಬರ್ ಆಯಿತು. ಆ ಮೂರು ತಿಂಗಳು ಅಭಿಮಾನಿಗಳು ಎರಡು ಪಂಗಡ ಮಾಡಿಕೊಂಡು, ಅನಿಮೇಷನ್ ಅಂಗಳ ಹೋಗಲಿ ಮಪೆಟ್ಸ್ ಗೊಂಬೆಗಳ ಥಿಯೇಟರ್ ಉಳಿಯಲಿ ಅಂತ ಒಬ್ಬರು, ಮಪೆಟ್ಸ್ ಥಿಯೇಟರಿಗೆ ಯಾರು ಹೋಗ್ತಾರೆ ಬಿಡಿ ಅಂತ ಇನ್ನೊಬ್ಬರು, ಪರ್ಮಿಟ್ ಕಾಗದ ಹಿಡಿದು ವಕೀಲರ ಹಾಗೆ ವಾದ ಮಾಡಿದರು. ಹೋದದ್ದು ಮಪೆಟ್ಸ್. ಆ ಗೊಂಬೆಗಳನ್ನು ಹುಟ್ಟಿಸಿದ ಜಿಮ್ ಹೆನ್ಸನ್ 1990ರಲ್ಲಿ ತೀರಿಕೊಳ್ಳುವ ಮುಂಚೆ ಕೈಯಾರೆ ಮಾಡಿದ ಕೊನೆಯ ಕೆಲಸಗಳಲ್ಲಿ ಅದೊಂದು. 1991ರಲ್ಲಿ ತೆರೆದದ್ದು, 2025ರ ಜೂನ್ 7ಕ್ಕೆ ಕೊನೆಯ ಪ್ರದರ್ಶನ. ಮಪೆಟ್ಸ್‌ಗೆ ಬೇರೆ ಕಡೆ ರಾಕ್ ಎನ್ ರೋಲರ್ ಕೋಸ್ಟರ್ ಕೊಟ್ಟಿದ್ದೇವಲ್ಲ ಅಂತ ಅದೇ ಉಸಿರಿನಲ್ಲಿ ಹೇಳಿದರು. ಮನೆ ಕಿತ್ತುಕೊಂಡು ಬೈಕ್ ಕೊಟ್ಟ ಹಾಗೆ.

ನದಿ ವಿಷಯಕ್ಕೆ ಬರುತ್ತೇನೆ.

ಅದು ನಿಜವಾದ ನದಿ ಅಲ್ಲ. ಅದು ಎಲ್ಲರಿಗೂ ಗೊತ್ತು. ದ್ವೀಪದ ಸುತ್ತ ಸುತ್ತುವ ಕಾಲುವೆ ಅಷ್ಟೇ, ಎಲ್ಲಿಗೂ ಹರಿಯುತ್ತಿರಲಿಲ್ಲ. 1971ರ ಅಕ್ಟೋಬರ್ 1ರಂದು ಪಾರ್ಕ್ ತೆರೆದ ದಿನದಿಂದ ಇತ್ತು. ದ್ವೀಪಕ್ಕೆ ಜನರನ್ನು ಬಿಟ್ಟದ್ದು 1973ರಲ್ಲಿ. ಬೋಟಿನ ಕ್ಯಾಪ್ಟನ್ ಚುಕ್ಕಾಣಿ ತಿರುಗಿಸುತ್ತಿದ್ದದ್ದು ಸುಮ್ನೆ ತೋರಿಕೆಗೆ, ನೀರಿನ ಅಡಿಯಲ್ಲಿ ಹಳಿ ಇತ್ತು, ಬೋಟು ಅದರ ಮೇಲೇ ಹೋಗುತ್ತಿತ್ತು. ಆದರೆ ಆ ದೊಡ್ಡ ಕೆಂಪು ಚಕ್ರ ತಿರುಗಿಸುತ್ತಿದ್ದದ್ದು ನಿಜವಾದ ಹಬೆ, ನಿಜವಾದ ಬಾಯ್ಲರ್. ದಾರಿ ಸುಳ್ಳು, ಹಬೆ ನಿಜ. ಇದು ನನಗೆ ಯಾಕೋ ತುಂಬಾ ಇಷ್ಟ.

ಆ ನದಿಗೆ ಒಂದು ಕೆಲಸವೂ ಇತ್ತು. ದಂಡೆ ಹಿಡಿದು ನಡೆದರೆ ಹಾಂಟೆಡ್ ಮ್ಯಾನ್ಷನ್‌ನ ಹತ್ತಿರ ನ್ಯೂಯಾರ್ಕ್ ಕಡೆಯ ಹಳೇ ಮನೆಗಳು, ಆಮೇಲೆ ಸ್ವಾತಂತ್ರ್ಯ ಹೋರಾಟದ ಕಾಲದ ಪೇಟೆ, ಆಮೇಲೆ ಪಶ್ಚಿಮದ ಮರದ ಕಟ್ಟಡಗಳು, ಕೊನೆಗೆ ಬಿಗ್ ಥಂಡರ್‌ನ ಕೆಂಪು ಬಂಡೆಗಳು. ಪೂರ್ವದಿಂದ ಪಶ್ಚಿಮಕ್ಕೆ ಒಂದು ದೇಶವನ್ನು ಹತ್ತು ನಿಮಿಷದಲ್ಲಿ ದಾಟುವುದು. ಎಲ್ಲವನ್ನೂ ಹೊಲಿದ ದಾರ ಆ ನೀರು. ಈ ಕಾರಣಕ್ಕೇ ಅಭಿಮಾನಿಗಳಲ್ಲಿ ಥೀಮಿಂಗ್ ಪಂಡಿತರು, ಅಂದರೆ ಒಂದು ಜಾಗದಲ್ಲಿ ಇರುವುದೆಲ್ಲ ಒಂದೇ ಕಥೆಗೆ ಹೊಂದಬೇಕು ಅನ್ನುವವರು, ಅಂತ ಒಂದು ಪಂಗಡ ಇದೆಯಲ್ಲ, ಅವರಿಗೆ ಬೆಂಕಿ ಹತ್ತಿದ ಹಾಗಾಯಿತು. ಹತ್ತೊಂಬತ್ತನೇ ಶತಮಾನದ ಊರಿನಲ್ಲಿ ಮಾತಾಡುವ ಕಾರಿಗೆ ಏನು ಕೆಲಸ? ಇಮ್ಯಾಜಿನಿಯರುಗಳು, ಅಂದರೆ ಪಾರ್ಕ್ ವಿನ್ಯಾಸ ಮಾಡುವವರು, ಇದು ಪಿಸ್ಟನ್ ಪೀಕ್ ರಾಷ್ಟ್ರೀಯ ಉದ್ಯಾನ, ರಾಕಿ ಪರ್ವತಗಳ ಥರ, ಗೀಸರ್, ಜಲಪಾತ, ಕಾಡು, ಎಲ್ಲ ಇರುತ್ತೆ, ಫ್ರಂಟಿಯರ್ ಅನ್ನುವ ಮಾತಿಗೆ ಒಪ್ಪುತ್ತೆ ಅಂದರು. ಅಷ್ಟು ಹೇಳಿದ್ದೇ ತಡ, ಪಿಸ್ಟನ್ ಪೀಕ್ ಬಂದದ್ದು ಕಾರ್ಸ್ ಸಿನಿಮಾದಲ್ಲೇ ಅಲ್ಲ, 2014ರ ಪ್ಲೇನ್ಸ್ ಸಿನಿಮಾದ ಎರಡನೇ ಭಾಗದಲ್ಲಿ ಅಂತ ಹಿಡಿದು ತೋರಿಸಿದರು ನಮ್ಮ ಪಂಡಿತರು. ಇಂಥ ವಿಷಯದಲ್ಲಿ ಇವರನ್ನು ಸೋಲಿಸಲು ಆಗಲ್ಲ.

ನನಗೆ ಥೀಮಿಂಗ್ ಅಷ್ಟು ತಲೆಕೆಡಿಸಲಿಲ್ಲ. ನನ್ನ ಸಂಕಟ ಬೇರೆ.

2017ರಲ್ಲಿ ಹೋದಾಗ ಎರಡನೇ ದಿನ ಮಧ್ಯಾಹ್ನ ಎರಡು ಗಂಟೆ. ಬಿಸಿಲು. ಮಗನಿಗೆ ಐದು ವರ್ಷ, ಅವನು ನೆಲಕ್ಕೆ ಕೂತು ಅಳುತ್ತಿದ್ದಾನೆ. ನನ್ನ ಗಂಡನಿಗೆ ಕಾಲು ನೋವು, ಮುಖ ಊದಿಸಿಕೊಂಡಿದ್ದಾರೆ. ಅಪ್ಪನೂ ಜೊತೆಗಿದ್ದರು, ಅವರಿಗೆ ಬೆಳಿಗ್ಗೆಯಿಂದ ಯಾವ ರೈಡೂ ಹತ್ತುವುದು ಬೇಡವಾಗಿತ್ತು, ಎಲ್ಲರ ಚೀಲ ಹಿಡಿದುಕೊಂಡು ಹೊರಗೆ ನಿಂತೂ ನಿಂತೂ ಸುಸ್ತಾಗಿದ್ದರು. ಬಿಗ್ ಥಂಡರ್ ಸಾಲು ನೋಡಿದರೆ ಮುಗಿಯುವ ಹಾಗಿರಲಿಲ್ಲ. ಆಗ ಬೋಟಿನ ಸೀಟಿ ಕೇಳಿತು. ಸಾಲು ಇಲ್ಲ, ಟೈಮ್ ಬುಕ್ ಮಾಡಬೇಕಾಗಿಲ್ಲ, ಸುಮ್ನೆ ಹತ್ತಿದೆವು. ಮೇಲಿನ ಅಂತಸ್ತಿನಲ್ಲಿ ನೆರಳಿತ್ತು, ಗಾಳಿ ಇತ್ತು. ಅಪ್ಪ ಎರಡು ನಿಮಿಷಕ್ಕೆ ನಿದ್ದೆ ಹೋದರು. ನಾನು ಕಂಬಿ ಹಿಡಿದು ನಿಂತು ನೀರು ನೋಡುತ್ತಿದ್ದೆ. ಹತ್ತು ಹದಿನೈದು ನಿಮಿಷ, ಅಷ್ಟೇ. ಇಳಿಯುವಾಗ ಅಪ್ಪ ಕೇಳಿದ್ದು ಇಷ್ಟು: "ಇನ್ನೊಂದು ಸುತ್ತು ಹೋಗೋಣ್ವಾ?" ನಾಲ್ಕು ದಿನದಲ್ಲಿ ಅವರು ತಾವಾಗಿ ಕೇಳಿದ್ದು ಅದೊಂದೇ.

ನಾವು ಹೋಗಲಿಲ್ಲ. ಪೀಟರ್ ಪ್ಯಾನ್ ರೈಡಿಗೆ ಬುಕ್ ಮಾಡಿದ ಹೊತ್ತು ಆಗಿತ್ತು.

ಹಾಗಂತ ನಾನು ಈ ಬೋಟಿನ ದೊಡ್ಡ ಭಕ್ತೆ ಅಂತ ಹೇಳಿಕೊಳ್ಳುವುದು ಸುಳ್ಳಾಗುತ್ತೆ. ಬಿಗ್ ಥಂಡರ್ ಸಾಲು ಚಿಕ್ಕದಿದ್ದಿದ್ದರೆ ಬೋಟ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ದ್ವೀಪಕ್ಕಂತೂ ಕಾಲಿಟ್ಟೇ ಇಲ್ಲ. ಘೋಷಣೆ ಆದ ಮಾರನೇ ದಿನ ಅತ್ತವರಲ್ಲಿ ಅರ್ಧ ಜನ ನನ್ನ ಥರದವರೇ ಅಂತ ನನಗೆ ಗುಮಾನಿ. ಇನ್ನೊಂದು ಪಂಗಡ ಇದನ್ನೇ ಎತ್ತಿ ಆಡಿತು: ನೀವು ಕೊನೆಯ ಸಲ ದ್ವೀಪಕ್ಕೆ ಹೋದದ್ದು ಯಾವಾಗ? ಇಪ್ಪತ್ತು ವರ್ಷದ ಹಿಂದೆ ತಾನೇ? ಹಾಗಿದ್ರೆ ಬಾಯಿ ಮುಚ್ಚಿಕೊಂಡು ಹೊಸ ರೈಡಿಗೆ ಸಾಲಿನಲ್ಲಿ ನಿಲ್ಲಿ. ಮನೆಯಲ್ಲೂ ಇದೇ ಕಥೆ. ನಾನು ಮುಖ ಚಿಕ್ಕದು ಮಾಡಿಕೊಂಡು ಕೂತಿದ್ದರೆ ಹನ್ನೆರಡು ವರ್ಷದ ಮಗ ಬಂದು, "ಅಮ್ಮ, ಆ ಬೋಟಲ್ಲಿ ನಂಗೆ ಬೋರಾಗಿ ಅತ್ತಿದ್ದೆ, ನೆನಪಿಲ್ವಾ? ಕಾರ್ಸ್ ಬರ್ಲಿ ಬಿಡು" ಅಂದ. ಅವನು ಚಿಕ್ಕವನಿದ್ದಾಗ ಮನೆ ತುಂಬ ಕೆಂಪು ಕಾರುಗಳೇ ಇದ್ದವು. ಕತ್ತಲಲ್ಲಿ ತುಳಿದು ನಾನು ಬಿದ್ದದ್ದೂ ಇದೆ.

ಅಭಿಮಾನಿಗಳ ಸಿಟ್ಟನ್ನು ಪೂರ್ತಿ ನಂಬಲೂ ಬಾರದು, ಅದೂ ನಿಜ. 2011ರಲ್ಲಿ ಅನಿಮಲ್ ಕಿಂಗ್‌ಡಮ್‌ಗೆ ಅವತಾರ್ ತರುತ್ತೇವೆ ಅಂದಾಗ ನಾವೆಲ್ಲ ಹೇಗೆ ನಕ್ಕಿದ್ದೆವು! ಅದರ ಪಾತ್ರಗಳ ಹೆಸರು ಯಾರಿಗೆ ನೆನಪಿದೆ ಹೇಳಿ, ಪ್ರಾಣಿಗಳ ಪಾರ್ಕಿಗೂ ಅದಕ್ಕೂ ಏನು ಸಂಬಂಧ, ಯಾರೋ ಮೇಲಿನವರು ನಿದ್ದೆಗಣ್ಣಲ್ಲಿ ಸಹಿ ಹಾಕಿದ್ದಾರೆ ಅಂತೆಲ್ಲ. 2017ರ ಮೇ ತಿಂಗಳಲ್ಲಿ ಪಂಡೋರಾ, ಅಂದರೆ ಆ ಅವತಾರ್ ಲ್ಯಾಂಡ್, ತೆರೆಯಿತು. ಅದೇ ವರ್ಷ ನಾನು ಹೋದಾಗ ಅಲ್ಲಿನ ಫ್ಲೈಟ್ ಆಫ್ ಪ್ಯಾಸೇಜ್ ರೈಡಿಗೆ ಎರಡು ಗಂಟೆಗೂ ಜಾಸ್ತಿ ನಿಂತೆ, ಹೊರಗೆ ಬಂದು ಮತ್ತೆ ನಿಲ್ಲೋಣ ಅಂದೆ. ತೇಲುವ ಬೆಟ್ಟಗಳ ಕೆಳಗೆ ಬಾಯಿ ಬಿಟ್ಟುಕೊಂಡು ನಿಂತವರಲ್ಲಿ ಆರು ವರ್ಷದ ಹಿಂದೆ ನಕ್ಕವರು ಎಷ್ಟು ಜನ ಇದ್ದರೋ. ಕಾರ್ಸ್ ಕೂಡ ಹೊಸದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಕಾರ್ಸ್ ಲ್ಯಾಂಡ್ ತೆರೆದ ಮೇಲೆ ಸೊರಗಿದ್ದ ಪಾರ್ಕಿಗೇ ಜೀವ ಬಂತು ಅಂತ ಎಲ್ಲರೂ ಒಪ್ಪುತ್ತಾರೆ. ಹಾಗಾಗಿ ಪಿಸ್ಟನ್ ಪೀಕ್ ತೆರೆದ ದಿನ ನಾನು ಮೂಗು ಮುರಿಯುತ್ತಾ ಹೋಗಿ ಮೂರು ಸಲ ಸಾಲು ನಿಲ್ಲುವ ಸಾಧ್ಯತೆ ಧಾರಾಳವಾಗಿ ಇದೆ.

ಅಷ್ಟಾದರೂ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನದಿಯನ್ನೇ ಯಾಕೆ? ಫ್ಲಾರಿಡಾದಲ್ಲಿ ಡಿಸ್ನಿ ಹತ್ತಿರ ಸುಮಾರು 25,000 ಎಕರೆ ಜಮೀನಿದೆ. ವಾಲ್ಟ್ ಡಿಸ್ನಿ 1966ರಲ್ಲಿ, ಸಾಯುವ ಎರಡು ತಿಂಗಳ ಮುಂಚೆ, ಕ್ಯಾಮೆರಾ ಮುಂದೆ ನಿಂತು ಇಲ್ಲಿ ನಮಗೆ ಜಾಗದ ಭಾಗ್ಯ ಇದೆ, ನಾವು ಕಲ್ಪಿಸುವ ಎಲ್ಲದಕ್ಕೂ ಜಾಗ ಇದೆ ಅನ್ನುವ ಅರ್ಥದ ಮಾತು ಹೇಳಿದ್ದರು. ಅಭಿಮಾನಿಗಳಿಗೆ ಆ ಮಾತು ಮಂತ್ರ ಇದ್ದ ಹಾಗೆ, ಏನಾದರೂ ಕೆಡವಿದ ಕೂಡಲೇ ಅದನ್ನು ಎತ್ತುತ್ತಾರೆ. ಈ ಸಲ ನನಗೂ ಎತ್ತೋಣ ಅನಿಸಿತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಜಾಗವೇ ಇಲ್ಲ, ಸುತ್ತ ರಸ್ತೆ, ಹೋಟೆಲು. ಅಲ್ಲೂ ಇದೇ ಥರದ ನದಿ ಇದೆ, 1955ರದು, ಅಲ್ಲಿನ ದ್ವೀಪಕ್ಕಂತೂ ವಾಲ್ಟ್ ಅವರೇ ಕೈಹಾಕಿದ್ದರು. ಸ್ಟಾರ್ ವಾರ್ಸ್ ಲ್ಯಾಂಡ್ ಕಟ್ಟಬೇಕಾದಾಗ 2016ರಲ್ಲಿ ನದಿ ನಿಲ್ಲಿಸಿ, ಉತ್ತರದ ತುದಿ ಮೊಟಕು ಮಾಡಿ, ಹೊಸ ಬಂಡೆ, ಜಲಪಾತ ಹಾಕಿ 2017ರಲ್ಲಿ ಮತ್ತೆ ನೀರು ಬಿಟ್ಟರು. ಆಗಲೂ ಗಲಾಟೆ ಆಗಿತ್ತು. ತೆರೆದ ಮೇಲೆ ಮೊದಲಿಗಿಂತ ಚೆನ್ನಾಗಿದೆ ಅಂದವರೇ ಜಾಸ್ತಿ. ಇಕ್ಕಟ್ಟಿನ ಪಾರ್ಕಿನಲ್ಲಿ ನದಿಯನ್ನು ಬಗ್ಗಿಸಿ ಉಳಿಸಿದರು. ಜಾಗ ಬಿದ್ದಿರುವ ಕಡೆ ಮುಚ್ಚಿದರು.

ಕಂಪನಿ ಕಡೆಯ ಕಾರಣಗಳನ್ನು ನಾನೇ ಊಹಿಸಬಲ್ಲೆ. ವರ್ಷಕ್ಕೆ 1.7 ಕೋಟಿಗೂ ಜಾಸ್ತಿ ಜನ ಬರುವ ಪಾರ್ಕ್ ಅದು. ಜನ ನಡೆದಾಡಲು, ನಿಲ್ಲಲು ಜಾಗ ಬೇಕು. ಪಾರ್ಕಿನ ನಟ್ಟನಡುವೆ ಅಷ್ಟು ದೊಡ್ಡ ನೀರು, ಅದರ ಮೇಲೆ ಅರ್ಧ ಖಾಲಿ ಬೋಟು, ಮಧ್ಯದಲ್ಲಿ ಖಾಲಿ ದ್ವೀಪ. ಖಳನಾಯಕರ ಲ್ಯಾಂಡ್‌ಗೆ ಹಿಂದೆ ಹೋಗಬೇಕೆಂದರೆ ಆ ನೀರೇ ಅಡ್ಡ. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಇದು ತಪ್ಪಲ್ಲ, ಮತ್ತು ಖಳನಾಯಕರು ಬೇಕು ಅಂತ ಎರಡು ವರ್ಷ ಅರಚಿದವರು ನಾವೇ. ಹೊಸದು ಕಟ್ಟಿ, ಕಟ್ಟಿ ಅಂತ ಹಟ ಹಿಡಿದವಳು ನಾನೇ.

ಆದರೆ ಆ ಪುಸ್ತಕದಲ್ಲಿ ಏನನ್ನು ಎಣಿಸುತ್ತಾರೆ ಅನ್ನುವುದು ನನ್ನ ತಕರಾರು. ನಾನು ಹೋದಾಗ ಸಾಲು ತಪ್ಪಿಸುವ ಫಾಸ್ಟ್‌ಪಾಸ್ ಬಿಟ್ಟಿ ಸಿಗುತ್ತಿತ್ತು. 2021ರಿಂದ ಅದಕ್ಕೆ ದುಡ್ಡು ಕೊಡಬೇಕು. ಹೆಸರು ಬದಲಾಗುತ್ತಾ ಬಂತು, ಈಗ ಲೈಟ್ನಿಂಗ್ ಲೇನ್, ಅದರಲ್ಲೂ ಎರಡು ಮೂರು ನಮೂನೆ. ಸಾಲು ಉದ್ದ ಇದ್ದಷ್ಟೂ ಸಾಲು ತಪ್ಪಿಸುವ ಹಕ್ಕಿಗೆ ಬೆಲೆ. ಈಗ ಬೋಟ್ ನೋಡಿ. ಅದಕ್ಕೆ ಸಾಲೇ ಇರಲಿಲ್ಲ. ಸಾಲಿಲ್ಲದ ಕಡೆ ಸಾಲು ತಪ್ಪಿಸುವ ಟಿಕೆಟ್ ಯಾರಿಗೆ ಮಾರುತ್ತೀರಿ? ದ್ವೀಪದ ಮೇಲೆ ಕೂತು ಕಾಲು ಚಾಚಿದವರು ಆ ಹೊತ್ತಿಗೆ ಏನನ್ನೂ ಕೊಳ್ಳುತ್ತಿರಲಿಲ್ಲ. ನೆರಳಿನಲ್ಲಿ ಕೂತು ನೀರು ನೋಡುವುದು, ಅಳುವ ಮಗು ಸುಮ್ಮನಾಗುವುದು, ಅಪ್ಪ ನಿದ್ದೆ ಹೋಗುವುದು, ಇದೆಲ್ಲ ಯಾವ ಕಲಂನಲ್ಲಿ ಬರೆಯಬೇಕು? ಆ ಕಲಂ ಇಲ್ಲ. ಆದರೆ ಆ ಹದಿನೈದು ನಿಮಿಷ ಇಲ್ಲದಿದ್ದರೆ ನಾವು ಅವತ್ತು ಮೂರು ಗಂಟೆಗೇ ಹೋಟೆಲಿಗೆ ವಾಪಸ್ ಹೋಗಿರುತ್ತಿದ್ದೆವು, ರಾತ್ರಿವರೆಗೆ ಅಲ್ಲೇ ಇದ್ದು ಊಟ, ಆಟಿಕೆ, ಮಿಕ್ಕಿ ಕಿವಿ ಅಂತ ಖರ್ಚು ಮಾಡುತ್ತಿರಲಿಲ್ಲ. ಅಲ್ಲಿಗೆ ದುಡ್ಡಿನ ಲೆಕ್ಕದಲ್ಲೂ ಬೋಟು ಸಂಪಾದಿಸುತ್ತಿತ್ತು, ಆದರೆ ಬೇರೆಯವರ ಹೆಸರಲ್ಲಿ.

ಪಕ್ಕದ ಪೈಪೋಟಿ ಕಂಪನಿ ಯೂನಿವರ್ಸಲ್‌ನವರು 2025ರ ಮೇ 22ಕ್ಕೆ ಎಪಿಕ್ ಯೂನಿವರ್ಸ್ ತೆರೆದಾಗ ಇದೇ ಮಾತು ಬೇರೆ ದಿಕ್ಕಿನಿಂದ ಬಂತು. ಹೊಚ್ಚ ಹೊಸ ಪಾರ್ಕ್, ಅದ್ಭುತ ರೈಡುಗಳು, ಎಲ್ಲರೂ ಹೊಗಳಿದರು. ಹೊಗಳಿದ ಮೇಲೆ ಅದೇ ಜನ ಕೇಳಿದ್ದು: ನೆರಳೆಲ್ಲಿ? ಫ್ಲಾರಿಡಾ ಬಿಸಿಲಿನಲ್ಲಿ ಎಂಥಾ ಡ್ರ್ಯಾಗನ್ ಇದ್ದರೂ ಒಂದು ಮರ ಬೇಕಾಗುತ್ತೆ.

ಘೋಷಣೆಗೂ ಕಟ್ಟಡಕ್ಕೂ ಇರುವ ದೂರದ ಬಗ್ಗೆಯೂ ಹೇಳಬೇಕು, ಯಾಕಂದ್ರೆ ಮೊದಮೊದಲು ನಮ್ಮಲ್ಲಿ ಕೆಲವರು ಅದನ್ನೇ ನಂಬಿಕೊಂಡು ಸಮಾಧಾನ ಮಾಡಿಕೊಂಡಿದ್ದರು. ಹೇಳಿದ್ದೆಲ್ಲ ಕಟ್ಟುತ್ತಾರಾ? 2019ರಲ್ಲಿ ಎಪ್ಕಾಟ್‌ಗೆ ಮೇರಿ ಪಾಪಿನ್ಸ್ ತರುತ್ತೇವೆ ಅಂತ ಆ ಸಿನಿಮಾದ ನಟ ಡಿಕ್ ವ್ಯಾನ್ ಡೈಕ್ ಅವರನ್ನೇ ವೇದಿಕೆಗೆ ಕರೆತಂದಿದ್ದರು. ಜನ ಎದ್ದು ನಿಂತು ಅತ್ತರು. ಮುಂದಿನ ವರ್ಷ ಕೋವಿಡ್ ಬಂತು, ಮೇರಿ ಪಾಪಿನ್ಸ್ ಇವತ್ತಿಗೂ ಬಂದಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ಮೇನ್ ಸ್ಟ್ರೀಟ್‌ಗೆ ಒಂದು ನಾಟಕ ಥಿಯೇಟರ್ ಅಂತ 2017ರಲ್ಲಿ ಹೇಳಿದ್ದರು, ಅದೂ ಇಲ್ಲ. ಅದೇ 2017ರಲ್ಲಿ ಹೇಳಿದ ಟ್ರಾನ್ ಕೋಸ್ಟರ್ ತೆರೆದದ್ದು 2023ರ ಏಪ್ರಿಲ್‌ನಲ್ಲಿ. ಕಾರ್ಸ್ ಕೂಡ ಹಾಗೇ ತಪ್ಪಿಹೋಗಬಹುದು ಅಂತ ಅವರ ಆಸೆ. ಆದರೆ ಹೊಸದರ ಮಾತಿಗೆ ಇರುವ ಜಾರುವ ಗುಣ ಮುಚ್ಚುವ ಮಾತಿಗೆ ಇರುವುದಿಲ್ಲ. ತೆರೆಯುವುದು ತಡ ಆಗುತ್ತೆ, ರದ್ದಾಗುತ್ತೆ, ಆಕಾಶಕ್ಕೆ ವಾಪಸ್ ಹೋಗುತ್ತೆ. ಮುಚ್ಚುತ್ತೇವೆ ಅಂದದ್ದು ಮಾತ್ರ ಹೇಳಿದ ದಿನಕ್ಕೇ ಮುಚ್ಚುತ್ತೆ.

ಪ್ರತಿಭಟನೆಯಿಂದ ಏನಾದರೂ ಆಗುತ್ತಾ ಅಂತ ಕೇಳಬೇಡಿ. 1998ರಲ್ಲಿ ಇದೇ ಪಾರ್ಕಿನ ಮಿಸ್ಟರ್ ಟೋಡ್ ರೈಡ್ ಮುಚ್ಚುವಾಗ ಅಭಿಮಾನಿಗಳು ಹಸಿರು ಟೀ ಶರ್ಟ್ ಹಾಕಿಕೊಂಡು ರೈಡಿನ ಮುಂದೆಯೇ ಸೇರಿ ತಿಂಗಳುಗಟ್ಟಲೆ ಗಲಾಟೆ ಮಾಡಿದ್ದರು. ಆ ಸೆಪ್ಟೆಂಬರ್ 7ಕ್ಕೆ ಬಾಗಿಲು ಬಿತ್ತು. ಅಲ್ಲಿ ವಿನ್ನಿ ದ ಪೂ ಬಂತು. ಪೂ ರೈಡಿನ ಒಳಗೆ ಗೋಡೆ ಮೇಲೆ ಒಂದು ಚಿಕ್ಕ ಚಿತ್ರ ಇದೆ, ಟೋಡ್ ಅನ್ನುವ ಕಪ್ಪೆ ಮನೆಯ ಪತ್ರವನ್ನು ಪೂ ಕಥೆಯ ಗೂಬೆಗೆ ಒಪ್ಪಿಸುತ್ತಿರುವುದು. ಹಾಂಟೆಡ್ ಮ್ಯಾನ್ಷನ್‌ನ ಪ್ರಾಣಿಗಳ ಸ್ಮಶಾನದಲ್ಲಿ ಟೋಡ್‌ನ ಒಂದು ಮೂರ್ತಿಯೂ ಇದೆ. ಅಭಿಮಾನಿಗಳ ಹೋರಾಟಕ್ಕೆ ಸಿಕ್ಕ ಫಲ ಅಂದರೆ ಒಂದು ಚಿತ್ರ, ಒಂದು ಸಮಾಧಿ. ನಾನು ಅವೆರಡರ ಫೋಟೋನೂ ತೆಗೆದಿದ್ದೇನೆ, ನಗಬೇಡಿ.

2025ರ ಜುಲೈ 6. ನದಿಯ ಕೊನೆಯ ದಿನ. ಎಷ್ಟೋ ವರ್ಷದಿಂದ ಅರ್ಧ ಖಾಲಿ ಓಡುತ್ತಿದ್ದ ಬೋಟಿನಲ್ಲಿ ಅವತ್ತು ನಿಲ್ಲಲು ಜಾಗವಿರಲಿಲ್ಲ. ದಂಡೆ ತುಂಬ ಜನ, ಎಲ್ಲರ ಕೈಯಲ್ಲೂ ಫೋನ್. ನಾನು ವಿಡಿಯೋದಲ್ಲಿ ನೋಡಿದೆ. ಬೋಟಿನ ಸೀಟಿ ಕೇಳಿದಾಗ ಅಡುಗೆ ಮನೆಯಲ್ಲಿ ಏನೋ ಕೆಲಸ ಇದೆ ಅಂತ ಎದ್ದು ಹೋದೆ. ಹೊಸ ನೀರು ಬಂದು ಹಳೇ ನೀರು ಕೊಚ್ಚಿಕೊಂಡು ಹೋಯಿತು ಅಂತಾರೆ, ಇಲ್ಲಿ ಹೊಸ ನೀರೂ ಬರಲಿಲ್ಲ. ಆಮೇಲೆ ನೀರು ತೆಗೆದರು, ಮಣ್ಣು ಸುರಿದರು. ಆ ಪಾರ್ಕನ್ನು ಕಟ್ಟುವಾಗ ಎದುರಿನ ದೊಡ್ಡ ಕೆರೆ ತೋಡಿ, ಆ ಮಣ್ಣಿನಿಂದಲೇ ಪಾರ್ಕಿನ ನೆಲ ಎತ್ತರಿಸಿದ್ದರು. ಐವತ್ತು ವರ್ಷದ ಮೇಲೆ ಅಲ್ಲಿಗೆ ಮತ್ತೆ ಮಣ್ಣಿನ ಲಾರಿಗಳು.

ಅಪ್ಪನಿಗೆ ಹೇಳಿದೆ, ನೀವು ನಿದ್ದೆ ಮಾಡಿದ ಬೋಟು ಈಗಿಲ್ಲ ಅಂತ. "ಯಾವ ಬೋಟು?" ಅಂದರು. ಹೇಳಿದ ಮೇಲೆ ನೆನಪಾಯಿತು. "ಅಲ್ಲಿ ಗಾಳಿ ಚೆನ್ನಾಗಿತ್ತು" ಅಂದು ಪೇಪರ್ ಎತ್ತಿಕೊಂಡರು.

ಮಗನ ಪ್ಲಾನ್ ಆಗಲೇ ರೆಡಿ, ಕಾರ್ಸ್ ತೆರೆದ ವರ್ಷ ಹೋಗಲೇಬೇಕಂತೆ. ಸರಿ ಅಂದಿದ್ದೇನೆ. ಆ ರೈಡಿನ ಗಾಡಿಗಳು ಕಲ್ಲುಮಣ್ಣಿನ ದಾರಿಯಲ್ಲಿ ಹೋದ ಹಾಗೆ ಕುಲುಕುತ್ತವಂತೆ, ನನ್ನ ಬೆನ್ನಿಗೆ ಆಗಲೇ ಭಯ ಶುರುವಾಗಿದೆ. ಅದಕ್ಕೇ ಈಗ ರಾತ್ರಿ ಹೊತ್ತು ಆ ಕಾನ್ಸೆಪ್ಟ್ ಆರ್ಟ್ ತೆಗೆದು, ಫೋನಿನಲ್ಲಿ ಎಷ್ಟು ದೊಡ್ಡದು ಮಾಡಲು ಆಗುತ್ತೋ ಅಷ್ಟು ಮಾಡಿ, ಮರಗಳ ಬುಡದಲ್ಲಿ ಬೆಂಚು ಹುಡುಕುತ್ತಿದ್ದೇನೆ. ಒಂದು ಸಿಕ್ಕ ಹಾಗಿದೆ. ಬೆಂಚೋ ಬಂಡೆಯೋ ಇನ್ನೂ ಗೊತ್ತಾಗುತ್ತಿಲ್ಲ.